ಹುಟ್ಟುವ ಮೊದಲೇ ತಿದ್ದಿದ ಫೈಲು

ಕಳೆದ ಶ್ರಾವಣದಲ್ಲಿ ರಂಗಂಪೇಟೆಯ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿ, ಊಟ ಮುಗಿಸಿ, ಸುರಪುರದ ಬಸ್ ನಿಲ್ದಾಣದ ಕಡೆ ನಡೆದು ಬರುತ್ತಿದ್ದೆ. ದಾರಿಯಲ್ಲಿ ಒಂದು ಗೋದಾಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮೊದಲು ಬಂದದ್ದು ಹತ್ತಿ ಬೀಜಕ್ಕೆ ಹಚ್ಚುವ ಔಷಧದ ವಾಸನೆ. ಅದರ ಹಿಂದೆ ಒದ್ದೆ ಗೋಣಿಚೀಲಗಳದ್ದು. ಎಲ್ಲದರ ಕೆಳಗೆ, ಮಳೆಗಾಲದಲ್ಲಿ ಕಾದ ಬ್ಯಾಟರಿಗಳಿಂದ ಏಳುವ ಹುಳಿ ವಾಸನೆ. ನಿಂತು ನೋಡಿದೆ. ಬಾಗಿಲ ಹಿಂದಿನ ಕಬ್ಬಿಣದ ಚೌಕಟ್ಟಿನಲ್ಲಿ ಬ್ಯಾಟರಿಗಳ ಒಂದು ಹಳೆಯ ಸಾಲು ಗೋದಾಮಿನ ಒಂಟಿ ದೀಪವನ್ನು ಉರಿಸುತ್ತಿತ್ತು. ಅದೇ ಸಾಲು ಒಂದು ಕಾಲದಲ್ಲಿ ಅದೇ ಕಟ್ಟಡದಲ್ಲಿದ್ದ ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನು ನಡೆಸುತ್ತಿತ್ತು. ಆ ಖಾಸಗಿ ಕಾಲೇಜು ಮುಚ್ಚಿ ಕೆಲವು ವರ್ಷಗಳಾದವು. ಅಲ್ಲಿ ನಾನು ಒಂದು ವರ್ಷ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸಿದ್ದೆ.

ನಾನು ಯಾದಗಿರಿಯವಳು. ಸರ್ಕಾರಿ ಕಚೇರಿಯೊಂದರ ಗಣಕ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಹಸಿರು ಅಕ್ಷರಗಳ ಪರದೆಯ ಮುಂದೆ, ಕೈಗೆ ಸಿಕ್ಕ ಪುಸ್ತಕ ಹಿಡಿದು, ಯಾರೂ ಹೇಳಿಕೊಡದೆ ಸಿ ಭಾಷೆ ಕಲಿತೆ. ನಿವೃತ್ತಿಯ ಮರುವರ್ಷ ಆ ಕಾಲೇಜಿನವರು ಅತಿಥಿ ಉಪನ್ಯಾಸಕಿಯಾಗಿ ಬರಬೇಕೆಂದು ಕೇಳಿಕೊಂಡರು, ಹೋದೆ. ಅತಿಥಿ ಎಂಬ ಮಾತಿಗೆ ಅಲ್ಲಿ ಸಿಕ್ಕ ಮರ್ಯಾದೆಯನ್ನು ಹೇಳಬೇಕು. ವಿಭಾಗದ ಮುಖ್ಯಸ್ಥರಾದ ಶಿವಶರಣಪ್ಪ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಉಳಿದ ಉಪನ್ಯಾಸಕರನ್ನು ಅವರು 'ಸರ್' ಎಂದೂ 'ಮೇಡಮ್' ಎಂದೂ ಕರೆದರು. ನನ್ನನ್ನು ಮಾತ್ರ 'ಅವ್ವಾರ' ಎಂದರು. ಮನೆಯಲ್ಲಿ ಆ ಮಾತು ಪ್ರೀತಿಯದು. ವಿದ್ಯಾರ್ಥಿಗಳ ಎದುರು ಅದು ಪ್ರೀತಿಯದಲ್ಲ ಎಂದು ಅವರಿಗೂ ತಿಳಿದಿತ್ತು. ಜೂನ್ ತಿಂಗಳ ಸ್ವಾಗತ ಸಮಾರಂಭದ ಆಮಂತ್ರಣದಲ್ಲಿ ನನ್ನ ಹೆಸರಿರಲಿಲ್ಲ, 'ಹಾಗೂ ಇತರ ಸಿಬ್ಬಂದಿ' ಎಂದಿತ್ತು. ಆದರೆ ಆರತಿ ತಟ್ಟೆ ಹಿಡಿಯಲು ನನ್ನನ್ನು ಹುಡುಕಿಕೊಂಡು ಬಂದರು. ಸಿಬ್ಬಂದಿ ಕೋಣೆಯಲ್ಲಿ ನನ್ನದಾಗಿದ್ದ ಕುರ್ಚಿಯನ್ನು ಅದೇ ದಿನ ವೇದಿಕೆಗೆ ಒಯ್ದರು. ಅದು ಮರಳಿ ಬರಲಿಲ್ಲ. ನಾನು ಕೇಳಲಿಲ್ಲ. ಕೇಳಿ ಪಡೆಯುವ ಮರ್ಯಾದೆ ಮರ್ಯಾದೆಯಲ್ಲ ಎಂಬುದು ನನ್ನ ಆಗಿನ ನಿಲುವು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಬೆಳಿಗ್ಗೆ ಯಾದಗಿರಿಯಲ್ಲಿ ಬಸ್ ಹತ್ತಿದರೆ ಭೀಮಾ ನದಿ ದಾಟಿ ಶಹಾಪುರ, ಅಲ್ಲಿ ಇನ್ನೊಂದು ಬಸ್ ಹಿಡಿದು ಸುರಪುರ. ರಸ್ತೆಯ ಎರಡೂ ಬದಿಯ ಕರಿಮಣ್ಣಿನಲ್ಲಿ ಹತ್ತಿ ಮತ್ತು ತೊಗರಿಯ ಎಳೆಯ ಸಾಲುಗಳು, ಕಾಲುವೆ ನೀರು ಹರಿಯುವ ಕಡೆ ಭತ್ತದ ನಾಟಿ. ಶಹಾಪುರದ ಬೆಟ್ಟದ ಮೇಲೆ ಮೋಡ ಇಳಿದು, ಮಲಗಿದ ಬುದ್ಧನಂತಿರುವ ಆ ಬಂಡೆಗಳ ಮುಖಭಾಗ ಕಾಣದಾಗಿದ್ದರೆ, ಸುರಪುರದಲ್ಲಿ ಅಂದು ಕರೆಂಟು ಇರುವುದಿಲ್ಲವೆಂದು ಬಸ್ಸಿನಲ್ಲೇ ತೀರ್ಮಾನಿಸಿ ಆ ದಿನದ ಪಾಠವನ್ನು ಕರಿಹಲಗೆಗೆ ಹೊಂದಿಸಿಕೊಳ್ಳುತ್ತಿದ್ದೆ. ಈ ಊಹೆ ತಪ್ಪಿದ್ದು ಕಡಿಮೆ. ಪ್ರಯೋಗಾಲಯದ ಹೊರಗೆ ಚಪ್ಪಲಿಗಳ ರಾಶಿ, ಅವಕ್ಕೆ ಅಂಟಿದ ಮಣ್ಣು ಚಪ್ಪಲಿಗಿಂತ ಭಾರ. ಒಳಗೆ ಒಂದು ದೊಡ್ಡ ಯಂತ್ರ. ವಿದ್ಯಾರ್ಥಿಗಳ ಫೈಲುಗಳೆಲ್ಲ ಅದರಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು. ಗೋಡೆಯುದ್ದಕ್ಕೂ ಇದ್ದ ಪರದೆಗಳಿಂದ ಎಲ್ಲರೂ ಆ ಒಂದು ಯಂತ್ರವನ್ನೇ ಬಳಸುತ್ತಿದ್ದರು.

ಆ ಯಂತ್ರದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾರ ಫೋಲ್ಡರನ್ನು ಯಾರು ತೆರೆಯಬಹುದು ಎಂಬುದನ್ನು ಯಂತ್ರಕ್ಕೆ ಹೇಳಿಡಬಹುದು, ಹೇಳಿಡುವುದೇ ಸರಿ. ಆದರೆ 'ಅನುಮತಿ ಇಲ್ಲ' ಎಂಬ ಸಂದೇಶ ಬಂದಾಗಲೆಲ್ಲ ವಿದ್ಯಾರ್ಥಿಗಳು ಓಡಿ ಬರುತ್ತಾರೆಂದು ಬೇಸತ್ತ ಶಿವಶರಣಪ್ಪ, ಒಂದೇ ಆಜ್ಞೆಯಿಂದ ಎಲ್ಲ ಫೋಲ್ಡರುಗಳನ್ನೂ ಎಲ್ಲರಿಗೂ ತೆರೆದಿಟ್ಟಿದ್ದರು. "ಎಲ್ಲಾ ಖುಲ್ಲಾ ಇಡ್ರಿ, ಕಿರಿಕಿರಿ ತಪ್ತದ," ಎಂಬುದು ಅವರ ಮಾತು. ನಾನು ಲಿಖಿತವಾಗಿ ಆಕ್ಷೇಪಿಸಿದೆ. ಉತ್ತರ ಬರಲಿಲ್ಲ.

ಆಗಸ್ಟ್ ತಿಂಗಳಲ್ಲಿ ನಾನು ತೆಗೆದುಕೊಂಡ ಪಾಠ ಫೈಲುಗಳ ಮೆಟಾಡೇಟಾ. ಫೈಲಿನ ಒಳಗೆ ಏನಿದೆ ಎಂಬುದು ಒಂದು ಸಂಗತಿ. ಫೈಲಿನ ಕುರಿತು ಯಂತ್ರ ತಾನಾಗಿ ಗುರುತು ಮಾಡಿಕೊಳ್ಳುವುದು ಇನ್ನೊಂದು. ಒಡೆಯರು ಯಾರು, ಗಾತ್ರ ಎಷ್ಟು, ಓದಲು ಯಾರಿಗೆ ಅನುಮತಿ, ತಿದ್ದಲು ಯಾರಿಗೆ, ಕೊನೆಯ ಸಲ ತಿದ್ದಿದ್ದು ಯಾವಾಗ. ಜಿನ್ನಿಂಗ್ ಫ್ಯಾಕ್ಟರಿಯಿಂದ ಹೊರಡುವ, ಒತ್ತಿ ಕಟ್ಟಿದ ಹತ್ತಿಮೂಟೆಯ, ಅಂದರೆ ಬೇಲಿನ, ಮೇಲೆ ತೂಕ, ತಾರೀಖು, ಗುರುತು ಹೊಡೆದಿರುತ್ತಾರಲ್ಲ, ಬೇಲು ಬಿಚ್ಚದೆಯೇ ಸಮಾಚಾರ ತಿಳಿಯುತ್ತದಲ್ಲ, ಹಾಗೆ ಎಂದು ವಿವರಿಸಿದೆ. ಸಿ ಭಾಷೆಯಲ್ಲಿ ಇದನ್ನು ಕೇಳಲು 'ಸ್ಟ್ಯಾಟ್' ಎಂಬ ಕರೆಯಿದೆ. ಫೈಲಿನ ಹೆಸರು ಕೊಟ್ಟರೆ ಅದು ಈ ವಿವರಗಳನ್ನು ತುಂಬಿ ಕೊಡುತ್ತದೆ. ಹಲಗೆಯ ಮೇಲೆ ಅದು ಕೊಡುವ ಮೂರು ವೇಳೆಗಳನ್ನು ಬರೆದೆ: ಕೊನೆಯ ಸಲ ಓದಿದ್ದು, ಕೊನೆಯ ಸಲ ತಿದ್ದಿದ್ದು, ಅನುಮತಿ ಮೊದಲಾದ ವಿವರ ಕೊನೆಯ ಸಲ ಬದಲಾದದ್ದು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಸ್ಮಾ ಎದ್ದು ನಿಂತಳು. ಸುರಪುರದ ಹುಡುಗಿ; ತಂದೆಗೆ ಗಾದಿ ಹೊಲಿಯುವ ಅಂಗಡಿ. ಮನೆಯ ಮಾತು ದಖ್ಖನಿ, ಕಾಲೇಜಿನಲ್ಲಿ ಅಚ್ಚ ಸುರಪುರದ ಕನ್ನಡ.

"ಮೇಡಮ್ರಿ, ಮೂರು ವೇಳೆ ಅವ. ಹುಟ್ಟಿದ ವೇಳೆ ಯಾಕ ಇಲ್ರಿ?"

ಹಿಂದಿನಿಂದ ವೀರೇಶ ದನಿ ಏರಿಸಿದ. ವಡಗೇರಾ ಕಡೆಯ ರೈತರ ಮಗ, ತರಗತಿಯ ಬಾಯಾಳಿ. "ಫೈಲಿಗಿ ಬರ್ತ್‌ಡೇ ಮಾಡ್ತಾಳಂತ್ರಿ ಮೇಡಮ್. ಕೇಕ್ ನೀವ ತರ್ರಿ."

"ಮೊದಲ ನೀ ಒಂದ್ ಫೈಲ್ ಹುಟ್ಟಸು, ಆಮ್ಯಾಲ ಕೇಕ್ ತಿನ್ನಾಕ ಬಾ," ಎಂದಳು ಆಸ್ಮಾ, ಹಿಂದಿರುಗಿಯೂ ನೋಡದೆ. ತರಗತಿ ನಕ್ಕಿತು. ವೀರೇಶನೂ ನಕ್ಕ. ನಾಟಿಯ ಹಂಗಾಮಿನಲ್ಲಿ ಅವನು ಪ್ರಯೋಗಾಲಯಕ್ಕೆ ಬಂದದ್ದೇ ಅಪರೂಪ.

"ನಾ ಕಲಿತಾಗ ಇದ್ದಿಲ್ಲವಾ," ಎಂದೆ ಆಸ್ಮಾಳಿಗೆ. "ಹಳೇ ಯಂತ್ರ ಅದನ್ನ ಬರದಿಟ್ಟುಕೋತಿದ್ದಿಲ್ಲ. ಈಗಿನವು ಏನ್ ಮಾಡ್ತಾವೋ, ಮ್ಯಾನುವಲ್ ತಗದು ನೋಡು."

ಆಕೆ ನೋಡಿದಳು. ಮ್ಯಾನುವಲ್ ಎಂಬುದು ಯಂತ್ರದೊಳಗೇ ಇರುತ್ತದೆ, ಓದುವವರು ಮಾತ್ರ ಇರುವುದಿಲ್ಲ. ಹೊಸ ಲಿನಕ್ಸ್‌ನಲ್ಲಿ 'ಸ್ಟ್ಯಾಟ್‌ಎಕ್ಸ್' ಎಂಬ ಇನ್ನೊಂದು ಕರೆಯಿದೆ, ಅದು ಹುಟ್ಟಿದ ವೇಳೆಯನ್ನೂ ಹೇಳುತ್ತದೆ ಎಂದು ಹುಡುಕಿಕೊಂಡು ಬಂದಳು. ನನಗೆ ಅದು ಗೊತ್ತಿರಲಿಲ್ಲ. ಸಂತೋಷವಾಯಿತು.

ಆ ಪಾಠದ ಮೇಲೆ ಎಲ್ಲರೂ ಒಂದು ಪ್ರೋಗ್ರಾಮ್ ಬರೆದು ಒಪ್ಪಿಸಬೇಕಿತ್ತು: ಕೊಟ್ಟ ಫೈಲಿನ ಎಲ್ಲ ವಿವರಗಳನ್ನೂ ಓದಿ ಒಪ್ಪವಾಗಿ ತೋರಿಸುವ ಪ್ರೋಗ್ರಾಮ್. ಅಂಕಗಳು ವರ್ಷದ ಫಲಿತಾಂಶಕ್ಕೆ ಸೇರುತ್ತಿದ್ದವು. ಪಕ್ಷಪಾತ ಆಗಬಾರದೆಂದು ಪ್ರೋಗ್ರಾಮಿನೊಳಗೆ ಯಾರೂ ತಮ್ಮ ಹೆಸರು ಬರೆಯಬಾರದು, ಫೋಲ್ಡರಿನ ಸಂಖ್ಯೆಯಿಂದಲೇ ಗುರುತು ಎಂಬುದು ಶಿವಶರಣಪ್ಪನವರ ನಿಯಮ. ಒಪ್ಪಿಸಿದ ಫೈಲುಗಳನ್ನು ಕೊನೆಯ ತಿದ್ದುಪಡಿಯ ವೇಳೆಯ ಪ್ರಕಾರ ಸಾಲಾಗಿ ತೋರಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಅವರು ನನ್ನಿಂದ ಬರೆಸಿಕೊಂಡರು. ಅದರ ಮುದ್ರಿತ ಪುಟದ ಕೆಳಗೆ ನಾನು ಒಂದು ಸಾಲು ಬರುವಂತೆ ಮಾಡಿದ್ದೆ: 'ಇದು ಕೊನೆಯ ತಿದ್ದುಪಡಿಯ ವೇಳೆ ಮಾತ್ರ, ಬರೆದವರು ಯಾರೆಂಬುದು ಇದರಿಂದ ತಿಳಿಯುವುದಿಲ್ಲ.' ಅವರು ಆ ಸಾಲನ್ನು ತೆಗೆದುಹಾಕಿ, ಪುಟದ ಮೇಲ್ಭಾಗದಲ್ಲಿ ತಮ್ಮ ಹೆಸರು ಮತ್ತು ಪದವಿಗಳನ್ನು ಸೇರಿಸಿದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಹೆಸರು ಬಿಟ್ಟದ್ದು ನನಗೆ ಮಾಡಿದ ಅವಮಾನ, ಅದು ನನ್ನ ಮಟ್ಟಿಗೆ ಉಳಿಯಿತು. ಸಾಲು ಬಿಟ್ಟದ್ದರ ಫಲ ಬೇರೊಬ್ಬರ ಮೇಲೆ ಬಿತ್ತು.

ಒಪ್ಪಿಸುವ ದಿನದ ಮರುದಿನ, ಗುರುವಾರ, ಭೀಮಾ ತುಂಬಿ ಬಂದಿತ್ತು. ಸೇತುವೆಯ ಬಳಿ ಪೊಲೀಸರು ವಾಹನಗಳನ್ನು ಬಹಳ ಹೊತ್ತು ತಡೆದರು. ನಾನು ಸುರಪುರ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಊಟದ ವೇಳೆ ಮೀರಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ಆಸ್ಮಾ ಒಬ್ಬಳೇ ಕುಳಿತಿದ್ದಳು. ಮಳೆಯ ಎರಚಲು ಬೀಳುತ್ತಿದ್ದರೂ ಒಳಗೆ ಸರಿದಿರಲಿಲ್ಲ.

"ಏನಾಯ್ತವಾ?"

"ನಂದು ವೀರೇಶಂದು ಪ್ರೋಗ್ರಾಮ್ ಒಂದ ಅದಂತ್ರಿ. ನಾ ಕದ್ದೀನಂತ. ಸರ್ ಕ್ಲಾಸಿನಾಗ ಎಲ್ಲರ ಮುಂದ ನಿಲ್ಲಿಸಿ, ಮಂದಿದು ತಗೊಂಡು ಒಂದ್ ಸಾಲ ಬದಲಿ ಮಾಡಿದ್ರ ನಿಂದಾಗಂಗಿಲ್ಲ ಅಂದ್ರು. ನಾಳೆ ಬೋರ್ಡಿಗೆ ರಿಪೋರ್ಟ್ ಕಳಸ್ತಾರಂತ."

ಬೋರ್ಡಿಗೆ ಅಂಥ ವರದಿ ಹೋದರೆ ಆ ವರ್ಷದ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಅದು ಆಕೆಯ ಕೊನೆಯ ವರ್ಷ. ಡಿಪ್ಲೊಮಾ ಮುಗಿಸಿ ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವ ಯೋಚನೆಯಲ್ಲಿದ್ದಳು. ಅದೆಲ್ಲವೂ ಹೋಗುತ್ತಿತ್ತು, 'ಕದ್ದವಳು' ಎಂಬ ಹೆಸರು ಉಳಿಯುತ್ತಿತ್ತು.

ನಾನು ಕೊಡೆ ಮಡಚದೆಯೇ ಮುಖ್ಯಸ್ಥರ ಕೋಣೆಗೆ ಹೋದೆ.

"ಬರ್ರಿ ಅವ್ವಾರ, ಕುಂದರ್ರಿ."

"ಎಲ್ಲಿ ಕುಂದರಲಿ?" ಎಂದೆ. ಆ ಕೋಣೆಯಲ್ಲಿ ಕೂರುವಂತಿದ್ದ ಕುರ್ಚಿ ಅವರದೊಂದೇ. ಉಳಿದ ಎರಡರ ಮೇಲೆ ರಟ್ಟಿನ ಡಬ್ಬಿಗಳಿದ್ದವು. ಅವರು ಡಬ್ಬಿ ಸರಿಸಲಿಲ್ಲ. ನಾನು ನಿಂತೇ ಮಾತಾಡಿದೆ. "ಆಸ್ಮಾ ಕದ್ದಾಳ ಅಂತ ಯಾರ ಹೇಳಿದ್ರು?"

"ನಿಮ್ಮ ಪ್ರೋಗ್ರಾಮೇ ಹೇಳ್ಯಾದಲ್ರಿ!" ಅವರು ಮುದ್ರಿತ ಪುಟ ಮುಂದೆ ಹಿಡಿದರು. "ವೀರೇಶಂದು ಸೋಮವಾರ, ಆಕಿದು ಬುಧವಾರ. ಒಂದ್ ಸಾಲ ಬಿಟ್ರ ಎಲ್ಲಾ ಅದ ಅದ. ಯಾರದು ಮೊದಲ ಅದ ಅವರದು. ಇದರಾಗ ಮತ್ತೇನ್ ವಿಚಾರ?"

"ಕೆಳಗ ಒಂದ್ ಸಾಲ ಇತ್ತಲ್ಲ?"

"ಅದಾ? ಪ್ರಿಂಟ್ ಚಂದ ಕಾಣಲಿಲ್ರಿ, ತಗದೆ."

ಶಿವಶರಣಪ್ಪ ಕೆಟ್ಟವರೆಂದು ನಾನು ಬರೆಯುವುದಿಲ್ಲ. ಅವಸರದ ಮನುಷ್ಯ. ಮುಂದಿನ ವಾರ ಕಾಲೇಜಿಗೆ ತಪಾಸಣೆ ಬರುವುದಿತ್ತು. ಶಿಸ್ತು ಇದೆಯೆಂದು ತೋರಿಸಲು ಒಂದು ಪ್ರಕರಣ ಅವರ ಕೈಗೆ ಸಿಕ್ಕಿತ್ತು. ವರದಿಯ ಲಕೋಟೆಗೆ ವಿಳಾಸ ಬರೆದಾಗಿತ್ತು.

"ಇದು ಎಂದ ಹೋಗ್ತದ?"

"ನಾಳಿನ ಟಪಾಲಿನಾಗ."

"ನಾಳೆ ಮುಂಜಾನೆ ಲ್ಯಾಬಿಗೆ ಬರ್ರಿ. ಇಬ್ಬರನ್ನೂ ಕರೀರಿ. ಇಷ್ಟ ಕೇಳ್ತೀನಿ."

ಆಗಲೇ ನೋಡಿಬಿಡಬಹುದಿತ್ತು. ಆದರೆ ಕರೆಂಟು ಬೆಳಿಗ್ಗೆಯಿಂದ ಇರಲಿಲ್ಲ, ಬ್ಯಾಟರಿಗಳು ತೀರಿದ್ದವು, ಯಂತ್ರ ಆರಿತ್ತು. ಮೆಟ್ಟಿಲಿಗೆ ಮರಳಿ ಬಂದಾಗ ಆಸ್ಮಾ ಫೋನಿನಲ್ಲಿ ತಾಯಿಗೆ "ನಕ್ಕೋ ಅಮ್ಮೀ, ನಕ್ಕೋ" ಎನ್ನುತ್ತಿದ್ದಳು. ಮಳೆಯಲ್ಲಿ ತನ್ನನ್ನು ಕರೆದೊಯ್ಯಲು ಅಪ್ಪನನ್ನು ಕಳಿಸಬೇಡ ಎಂದಿರಬೇಕು. ಮನೆಯಲ್ಲಿ ಇನ್ನೂ ಏನನ್ನೂ ಹೇಳಿರಲಿಲ್ಲ.

"ಸೋಮವಾರ ನೀ ಏನ್ ಮಾಡಿದಿ, ಬುಧವಾರ ಏನ್ ಮಾಡಿದಿ, ಸರಿಯಾಗಿ ಹೇಳು," ಎಂದೆ.

"ಸೋಮವಾರನ ಎಲ್ಲಾ ಮುಗದಿತ್ರಿ. ಬುಧವಾರ ಒಂದ್ ತಪ್ಪ ಕಂಡ್ತು. ಇಲ್ಲದ ಫೈಲಿನ ಹೆಸರ ಕೊಟ್ರ ಇಲ್ಲ ಅಂತ ಹೇಳೂದು ಬಿಟ್ಟು ಎಲ್ಲಾ ಸೊನ್ನಿ ತೋರಸ್ತಿತ್ತು. ಕರೆ ಸರಿ ಹೋಯ್ತೋ ಇಲ್ಲೋ ನೋಡಬೇಕು ಅಂತ ನೀವ ಹೇಳಿದ್ರಲ್ಲ. ಆ ಸಾಲ ಹಾಕಿದೆ."

ತಪ್ಪನ್ನು ತಾನೇ ಕಂಡುಹಿಡಿದು ತಿದ್ದಿಕೊಂಡದ್ದರಿಂದ ಆಕೆಯ ಫೈಲಿನ ವೇಳೆ ಸೋಮವಾರದಿಂದ ಬುಧವಾರಕ್ಕೆ ಸರಿದಿತ್ತು. ತಿದ್ದದೆ ಬಿಟ್ಟಿದ್ದರೆ ಯಾರೂ ಆಕೆಯನ್ನು ಹೀಗೆ ನಿಲ್ಲಿಸುತ್ತಿರಲಿಲ್ಲ. ಇದನ್ನು ಯೋಚಿಸುತ್ತ ಮರಳುವ ಬಸ್ಸಿನಲ್ಲಿ ಕುಳಿತವಳಿಗೆ ಶಹಾಪುರ ಬಂದದ್ದು ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಯಂತ್ರ ಚಾಲೂ ಇತ್ತು. ಶಿವಶರಣಪ್ಪ ಲಕೋಟೆಯನ್ನು ಕೈಯಲ್ಲಿ ಹಿಡಿದೇ ಬಂದರು. ವೀರೇಶ ಗೋಡೆಗೆ ಒರಗಿದ್ದ; ಅವನ ಎಂದಿನ ಬಾಯಿ ಅಂದು ಇರಲಿಲ್ಲ.

"ಫೈಲಿನ ಹುಟ್ಟಿದ ವೇಳೆ ನೋಡೂಣು," ಎಂದೆ. "ನನ್ನ ಪ್ರೋಗ್ರಾಮಿಗೆ ಅದು ಗೊತ್ತಿಲ್ಲ. ಇವರು ಬರದದ್ದರಾಗ ಸ್ಟ್ಯಾಟ್‌ಎಕ್ಸ್ ಅದ, ಅದಕ್ಕ ಗೊತ್ತದ. ಆಸ್ಮಾ, ನಿನ್ನ ಪ್ರೋಗ್ರಾಮ್ ಓಡಸು."

"ನಂದು ಬ್ಯಾಡ್ರಿ," ಎಂದಳು ಆಸ್ಮಾ. "ನಂದು ಓಡಿಸಿದ್ರ ನನ್ನ ಕಡೆ ಮಾತಾಡ್ತದ ಅಂತೀರಿ. ವೀರೇಶಂದ ಓಡಸ್ರಿ."

ಶಿವಶರಣಪ್ಪ ನಕ್ಕರು. "ಎರಡೂ ಒಂದ ಅಲ್ಲೇನವಾ?"

"ಅದಕ್ಕ ಅನ್ನಾಕತ್ತೀನ್ರಿ ಸರ್."

ವೀರೇಶನ ಫೋಲ್ಡರಿನಲ್ಲಿದ್ದ ಪ್ರೋಗ್ರಾಮನ್ನೇ ಓಡಿಸಿ, ಮೊದಲು ಆಸ್ಮಾಳ ಫೈಲಿನ ಹೆಸರು ಕೊಟ್ಟೆ. ಹುಟ್ಟಿದ್ದು ಹಿಂದಿನ ಶುಕ್ರವಾರ, ಕೊನೆಯ ತಿದ್ದುಪಡಿ ಬುಧವಾರ. ಆಕೆ ಬಳಸುತ್ತಿದ್ದದ್ದು ಇದ್ದ ಫೈಲಿನ ಮೇಲೇ ಬರೆಯುವ ಸಾದಾ ಎಡಿಟರು. ಹಾಗಾಗಿ ಹುಟ್ಟಿದ ವೇಳೆ ಅಳಿಯದೆ ಉಳಿದಿತ್ತು. ಕೆಲವು ಎಡಿಟರುಗಳು ಉಳಿಸುವಾಗಲೆಲ್ಲ ಹೊಸ ಫೈಲನ್ನೇ ಹುಟ್ಟಿಸುತ್ತವೆ. ಅಂಥದ್ದಾಗಿದ್ದರೆ ಈ ಸಾಕ್ಷಿ ಸಿಗುತ್ತಿರಲಿಲ್ಲ. ಬಳಿಕ ವೀರೇಶನ ಫೈಲನ್ನು ವೀರೇಶನ ಪ್ರೋಗ್ರಾಮಿಗೇ ಕೊಟ್ಟೆ. ಕೊನೆಯ ತಿದ್ದುಪಡಿ ಸೋಮವಾರ. ಹುಟ್ಟಿದ್ದು ಮಂಗಳವಾರ.

ಶಿವಶರಣಪ್ಪ ಪರದೆಗೆ ಬಾಗಿ ಎರಡು ಸಲ ಓದಿದರು. "ಹುಟ್ಟಿದ್ದು ಮಂಗಳವಾರ, ತಿದ್ದಿದ್ದು ಸೋಮವಾರ? ಹ್ಯಾಂಗ್ ಆಗ್ತದ ಇದು? ಪ್ರೋಗ್ರಾಮೇ ತಪ್ಪದ."

"ತಪ್ಪಿಲ್ಲ. ತಾಯಿ ಹೊಟ್ಯಾಗ ಇದ್ದಾಗ ಯಾರೂ ಕ್ಷೌರ ಮಾಡಿಸಿಕೊಳ್ಳಂಗಿಲ್ಲ ಶಿವಶರಣಪ್ಪ. ಬ್ಯಾರೆ ಕಡೆ ಹುಟ್ಟಿ, ತಿದ್ದಿಸಿಕೊಂಡು, ಆಮ್ಯಾಲ ಇಲ್ಲಿಗೆ ಬಂದಾದ."

ವಿವರಿಸಿದೆ. ಒಂದು ಫೈಲನ್ನು ಮೌಸಿನಿಂದ ಎಳೆದು ಇನ್ನೊಂದು ಫೋಲ್ಡರಿಗೆ ನಕಲು ಮಾಡಿದರೆ, ಹಳೆಯ ಫೈಲಿನ ತಿದ್ದುಪಡಿಯ ವೇಳೆ ನಕಲಿನ ಜೊತೆ ಹಾಗೆಯೇ ಬರುತ್ತದೆ. ಹುಟ್ಟಿದ ವೇಳೆ ಮಾತ್ರ ಬರುವುದಿಲ್ಲ. ನಕಲು ಬಂದಿಳಿದ ಕ್ಷಣವೇ ಅದರ ಹುಟ್ಟು. ಒಳಗೆ ಹೆಸರು ಬರೆಯಬಾರದೆಂಬ ನಿಯಮವಿದ್ದದ್ದರಿಂದ ನಕಲು ಮಾಡಿದವನಿಗೆ ಒಂದಕ್ಷರವನ್ನೂ ತಿದ್ದುವ ಪ್ರಮೇಯ ಬರಲಿಲ್ಲ. ತಿದ್ದದ ಕಾರಣ ಸೋಮವಾರ ಸೋಮವಾರವಾಗಿಯೇ ಉಳಿಯಿತು.

ವೀರೇಶ ಗೋಡೆ ಬಿಟ್ಟು ಮುಂದೆ ಬಂದ. "ನಾ ಮನ್ಯಾಗ ಲ್ಯಾಪ್‌ಟಾಪಿನಾಗ ಬರದೇನ್ರಿ. ಸೋಮವಾರ ಬರದು ಮಂಗಳವಾರ ಪೆನ್‌ಡ್ರೈವಿನಾಗ ತಂದೆ."

"ಹಾಂ!" ಎಂದರು ಶಿವಶರಣಪ್ಪ. "ಹಂಗೂ ಆಗಬಹುದಲ್ರಿ?"

ಆಗಬಹುದಿತ್ತು. ಅದನ್ನು ಒಪ್ಪಿದೆ. ಆಸ್ಮಾಳ ಮುಖ ಕಳೆಗುಂದಿತು. ನಾನು ಪರದೆಯತ್ತ ಮತ್ತೆ ತಿರುಗಿದೆ. ವೇಳೆಯನ್ನು ತೋರಿಸುವಾಗ ಸೆಕೆಂಡಿನ ಭಿನ್ನಾಂಶವನ್ನೂ ಬಿಡಬಾರದೆಂದು ನಾನು ತರಗತಿಯಲ್ಲಿ ಪಟ್ಟು ಹಿಡಿದಿದ್ದೆ. ಇಷ್ಟೆಲ್ಲ ಯಾಕೆಂದು ಹಲವರು 'ಮುದುಕಿಯ ಹಟ' ಎಂದು ಹಿಂದಿನಿಂದ ಅಂದದ್ದೂ ಕಿವಿಗೆ ಬಿದ್ದಿತ್ತು. ವೀರೇಶನ ಫೈಲಿನ ತಿದ್ದುಪಡಿಯ ವೇಳೆ ಬೆಸ ಸಂಖ್ಯೆಯ ಸೆಕೆಂಡಿನಲ್ಲಿತ್ತು. ಅದರ ಮುಂದೆ ಭಿನ್ನಾಂಶದ ಅಂಕಿಗಳು ಉದ್ದಕ್ಕೆ ಸಾಲಾಗಿದ್ದವು.

"ಆ ಪೆನ್‌ಡ್ರೈವ್ ತಂದೀಯೇನಪಾ?"

ಕೀಲಿಗೊಂಚಲಿನಲ್ಲೇ ಇತ್ತು. ಇಸಿದುಕೊಂಡೆ. ಬೇರೊಂದು ಫೈಲನ್ನು ಅದಕ್ಕೆ ನಕಲು ಮಾಡಿ, ಹೊರಗೆಳೆದು, ಮತ್ತೆ ಸಿಕ್ಕಿಸಿ, ಅಲ್ಲಿಂದ ಯಂತ್ರಕ್ಕೆ ಮರಳಿ ತಂದು ವಿವರ ಕೇಳಿದೆ. ಸೆಕೆಂಡು ಸಮಸಂಖ್ಯೆಗೆ ಇಳಿದಿತ್ತು, ಭಿನ್ನಾಂಶದ ಜಾಗದಲ್ಲಿ ಬರೀ ಸೊನ್ನೆಗಳು. ಬೇರೆ ಫೈಲುಗಳಿಂದ ಮತ್ತೆ ಮತ್ತೆ ಮಾಡಿ ತೋರಿಸಿದೆ. ಹಾಗೆಯೇ ಬಂತು. ಅಂಥ ಸಣ್ಣ ಪೆನ್‌ಡ್ರೈವುಗಳು ಹಳೆಯ ಪದ್ಧತಿಯವು. ತಿದ್ದುಪಡಿಯ ವೇಳೆಯನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಬರೆದುಕೊಳ್ಳುತ್ತವೆ. ಬೆಸ ಸೆಕೆಂಡಾಗಲಿ ಅದಕ್ಕಿಂತ ಸಣ್ಣದಾಗಲಿ ಅವುಗಳೊಳಗೆ ಹೋದರೆ ಉಳಿದು ಹೊರಬರುವುದಿಲ್ಲ.

"ನಿನ್ನ ಫೈಲು ಈ ಪೆನ್‌ಡ್ರೈವಿನಾಗ ಒಮ್ಮಿನೂ ಕುಂತಿಲ್ಲ ವೀರೇಶ," ಎಂದೆ.

ಅವನು ತಲೆ ತಗ್ಗಿಸಿ ಹೇಳಿದ. "ಆಸ್ಮಾಂದೇರಿ. ನಾಟಿಗಿ ಹೋಗಿದ್ದೆ, ಏನೂ ಬರದಿದ್ದಿಲ್ಲ. ಆಕಿ ಫೋಲ್ಡರ್ ಖುಲ್ಲಾ ಇತ್ತು, ತಗೊಂಡೆ."

"ಕೇಳಿದ್ರ ಹೇಳಿಕೊಡ್ತಿದ್ದಿಲ್ಲೇನು?" ಎಂದಳು ಆಸ್ಮಾ.

"ಕೇಳಾಕ ನಾಚಿಕಿ ಬಂತು."

"ನಿನ್ನೆ ಎಲ್ಲರ ಮುಂದ ನಾ ನಿಂತಾಗ ಬರಲಿಲ್ಲೇನು?"

ಶಿವಶರಣಪ್ಪ ಲಕೋಟೆ ಒಡೆದು ವರದಿ ಹೊರತೆಗೆದು, ಜೇಬಿನ ಪೆನ್ನಿನಿಂದ ಆಸ್ಮಾಳ ಹೆಸರನ್ನು ಹೊಡೆದುಹಾಕಿ ಅದರ ಮೇಲೆ ವೀರೇಶನ ಹೆಸರು ಬರೆಯತೊಡಗಿದರು. ಅಷ್ಟೇ ಅವಸರ. "ಆಯ್ತವಾ ಆಸ್ಮಾ, ನಿನ್ನ ಹೆಸರ ತಗದೀನಿ. ಹೋಗು, ಕ್ಲಾಸಿಗಿ ನಡಿ."

ಆಕೆ ಹೋಗಲಿಲ್ಲ.

"ಅವನ ಮ್ಯಾಲೂ ಕಳಸಬ್ಯಾಡ್ರಿ ಸರ್. ಅವ ಮತ್ತ ಬರದು ಕೊಡಲಿ. ನನಗ ಎಲ್ಲರ ಮುಂದ ಅಂದದ್ದನ್ನ ಎಲ್ಲರ ಮುಂದ ವಾಪಸ್ ತಗೋರಿ."

"ಇಲ್ಲೇ ಹೇಳಿದ್ನಲ್ಲ ಈಗ?"

"ನಿನ್ನೆ ಇಲ್ಲಿ ಅಂದಿದ್ದಿಲ್ರಿ. ಕ್ಲಾಸಿನಾಗ ಅಂದಿದ್ರಿ."

"ಏ, ನಾ ಈ ವಿಭಾಗದ ಮುಖ್ಯಸ್ಥ ಇದೀನಿ, ತಿಳೀತೇನು?"

"ಅದಕ್ಕ್ರಿ," ಎಂದಳು ಆಸ್ಮಾ. "ಬ್ಯಾರೆ ಯಾರರ ಅಂದಿದ್ರ ಬಿಟ್ಟುಬಿಡ್ತಿದ್ದೆ."

ದನಿ ಏರಿರಲಿಲ್ಲ. ನನ್ನತ್ತ ಬೆಂಬಲ ಕೋರಿ ನೋಡಲೂ ಇಲ್ಲ. ಜೀವಮಾನದಲ್ಲಿ ನನಗಾದ ಅವಮಾನಗಳನ್ನು ಒಂದೂ ಬಿಡದೆ ನೆನಪಿಟ್ಟವಳು ನಾನು. ಯಾರನ್ನೂ ಎದುರು ನಿಲ್ಲಿಸಿ 'ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ' ಎಂದು ಹೇಳಿದವಳಲ್ಲ. ಹಾಗೆ ಹೇಳಬಹುದೆಂಬುದೇ ನನ್ನ ಲೆಕ್ಕದಲ್ಲಿರಲಿಲ್ಲ.

ಶಿವಶರಣಪ್ಪ ವರದಿಯನ್ನು ನಾಲ್ಕಾಗಿ ಹರಿದು ಜೇಬಿಗೆ ತುರುಕಿಕೊಂಡು ತರಗತಿಯ ಕಡೆ ನಡೆದರು. ನಾವು ಹಿಂದೆ ಹೋದೆವು. ಬಾಗಿಲಲ್ಲಿ ನಿಂತು ಹೇಳಿದರು: "ನಿನ್ನೆ ಆಸ್ಮಾಗ ನಾ ಅಂದದ್ದು ತಪ್ಪು. ಪ್ರೋಗ್ರಾಮ್ ಆಕಿದು. ಆಕಿನ ಬರದಾಳ." ಇಷ್ಟು ಹೇಳಿ, ಯಾರ ಮುಖವನ್ನೂ ನೋಡದೆ, ಬಂದ ದಾರಿಯಲ್ಲೇ ಹೋದರು. ಪೂರ್ತಿ ಹೇಳಿದರು, ಒಂದು ಮಾತೂ ನುಂಗಲಿಲ್ಲ; ಅದು ಅವರ ಪಾಲಿಗೆ ಸಲ್ಲಬೇಕಾದ ಗೌರವ, ಸಲ್ಲಿಸುತ್ತಿದ್ದೇನೆ. ನನಗೆ ಅವರು ಏನನ್ನೂ ಹೇಳಲಿಲ್ಲ. ತೆಗೆದುಹಾಕಿದ ನನ್ನ ಸಾಲನ್ನು ಮತ್ತೆ ಸೇರಿಸಲೂ ಇಲ್ಲ. ಅದು ಬೇರೆ ಖಾತೆ, ಮುಚ್ಚಿಲ್ಲ.

ವೀರೇಶ ಹೊಸದಾಗಿ ಬರೆದು ಒಪ್ಪಿಸಬೇಕೆಂದು ತೀರ್ಮಾನವಾಯಿತು. ಮಧ್ಯಾಹ್ನಗಳಲ್ಲಿ ನನ್ನ ಎದುರು ಕುಳಿತು ಬರೆದ. ಅಕ್ಷರಶಃ ಬೆವರಿದ. ಅವನ ಪ್ರೋಗ್ರಾಮಿಗೆ ಹುಟ್ಟಿದ ವೇಳೆ ಗೊತ್ತಾಗುತ್ತಿರಲಿಲ್ಲ, ಅಂದವೂ ಇರಲಿಲ್ಲ. ಆದರೆ ಪ್ರತಿ ಸಾಲೂ ಅವನದೇ ಆಗಿತ್ತು. ಪಾಸಾಗುವಷ್ಟು ಅಂಕ ಕೊಟ್ಟೆ, ಹೆಚ್ಚು ಕೊಡಲಿಲ್ಲ. ಅವನು ಆಸ್ಮಾಳ ಜೊತೆ ಮಾತು ಬಿಟ್ಟ ಹಾಗಿತ್ತು. ಒಂದು ದಿನ ಆಕೆಯೇ, "ಏನೋ, ಕೇಕ್ ಎಲ್ಲಿ?" ಎಂದು ಕೇಳಿದ ಮೇಲೆ ಮತ್ತೆ ಬಾಯಿ ಬಂತು.

ತಪಾಸಣೆ ಮುಗಿದು, ಮಳೆ ಹಿಂಜರಿದು, ಹತ್ತಿ ಹೂ ಬಿಡುವ ಹೊತ್ತಿಗೆ ನಾನು ಅಂಕಗಳನ್ನು ಅಂತಿಮಗೊಳಿಸಲು ಕುಳಿತೆ. ಒಬ್ಬೊಬ್ಬರ ಫೋಲ್ಡರು ತೆರೆಯುತ್ತ ಬಂದೆ. ಆಸ್ಮಾಳದು ತೆರೆಯಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಅನುಮತಿ ಇಲ್ಲ. ಅಕ್ಷರ ತಪ್ಪಾಗಿ ಒತ್ತಿರಬಹುದೆಂದು ಇನ್ನೊಮ್ಮೆ ಕೊಟ್ಟೆ. ಅದೇ ಉತ್ತರ. ವಿವರ ನೋಡಿದೆ. ಒಡತಿಗೆ ಮಾತ್ರ ಓದಲು, ಬರೆಯಲು ಅವಕಾಶ. ಗುಂಪಿಗೆ ಇಲ್ಲ, ಇತರರಿಗೆ ಇಲ್ಲ. ಪಟ್ಟಿ ನೋಡಿದರೆ, ಅವಳ ಮಗ್ಗುಲಿನವರೂ ಆಗಲೇ ಒಬ್ಬೊಬ್ಬರಾಗಿ ತಮ್ಮ ಫೋಲ್ಡರು ಮುಚ್ಚಿಕೊಳ್ಳತೊಡಗಿದ್ದರು.

ಆಕೆ ನಾಲ್ಕು ಪರದೆಗಳಾಚೆ ಕುಳಿತು ಏನನ್ನೋ ಬರೆಯುತ್ತಿದ್ದಳು. ಎದ್ದು ಹೋದೆ.

"ಆಸ್ಮಾ, ನಿನ್ನ ಫೋಲ್ಡರ್ ತಗೀವಲ್ದು."

"ಮುಚ್ಚೀನ್ರಿ ಮೇಡಮ್."

"ನನಗೂ ಮುಚ್ಚಿಯೇನು?"

"ಎಲ್ಲರಿಗೂ ರಿ." ಆಕೆ ತಲೆಯೆತ್ತಿ ನನ್ನನ್ನು ನೋಡಿದಳು, ಅಳುಕಿಲ್ಲದೆ, ಒರಟಿಲ್ಲದೆ. "ಬೇಕಾದ್ರ ಕೇಳ್ರಿ, ತೋರಸ್ತೀನಿ."

ಬಾಗಿಲು ಮುಚ್ಚಿಕೊಂಡ ಯಾರನ್ನೂ ನಾನು ಅದುವರೆಗೆ ಕ್ಷಮಿಸಿದ್ದಿಲ್ಲ. ಅಂದು ನನಗೆ ಕೋಪ ಬರಬಹುದೆಂದು ಒಂದು ಕ್ಷಣ ಕಾದೆ. ಬರಲಿಲ್ಲ.

"ತೋರಸವಾ," ಎಂದು ಕೇಳಿದೆ.

ಆಸ್ಮಾ ಸ್ವಲ್ಪ ಸರಿದು ಜಾಗ ಮಾಡಿ, ಫೈಲು ತೆರೆದಳು.